ಬೆಲೆ ಇಳಿಯಿತು, ಸಾಲ ಇಳಿಯಲಿಲ್ಲ

ವೆನಿಲ್ಲಾ ನೆನಪಿದೆಯಾ ನಿಮಗೆ? ಹಿಂದಿನ ಸಾಲಿನಲ್ಲಿ ಕೆಲವರು ಆಗಲೇ ನಗುತ್ತಿದ್ದೀರಿ. ಅಂದರೆ ನೆನಪಿದೆ.

2000ನೇ ಇಸವಿಯಲ್ಲಿ ಮಡಗಾಸ್ಕರಿಗೆ ದೊಡ್ಡ ಚಂಡಮಾರುತ ಬಡಿಯಿತು. ಜಗತ್ತಿನ ವೆನಿಲ್ಲಾದಲ್ಲಿ ಬಹುಪಾಲು ಬೆಳೆಯುತ್ತಿದ್ದ ದೇಶ ಅದು. ಅಲ್ಲಿ ಬಳ್ಳಿ ನೆಲಕಚ್ಚಿತು, ಇಲ್ಲಿ ನಮ್ಮ ಅಡಿಕೆ ಮರಕ್ಕೆ ಬಳ್ಳಿ ಹತ್ತಿತು. 2003ರ ಹೊತ್ತಿಗೆ ಒಂದು ಕಿಲೋ ಹಸಿ ಬೀನ್ಸಿಗೆ ಮೂರು ಸಾವಿರ ದಾಟಿತ್ತು. ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ರಾತ್ರಿ ಬ್ಯಾಟರಿ ಹಿಡಿದು ತೋಟ ಕಾಯುತ್ತಿದ್ದರು. ಬಳ್ಳಿಯ ತುಂಡನ್ನು ಬಟ್ಟೆಯ ಹಾಗೆ ಅಳತೆ ಮಾಡಿ ಮಾರುತ್ತಿದ್ದರು. ಬೆಳಗಾದರೆ ಮನೆಯವರೆಲ್ಲ ಕಡ್ಡಿ ಹಿಡಿದು ಒಂದೊಂದೇ ಹೂವಿಗೆ ಪರಾಗ ಮುಟ್ಟಿಸುವ ಕೆಲಸ. ಹಬ್ಬಕ್ಕೆ ಬಂದ ನೆಂಟರನ್ನೂ ಬಿಡುತ್ತಿರಲಿಲ್ಲ.

ಆಗ ನಾನು ಘಟ್ಟದ ಮೇಲಿನ ಒಂದು ಬ್ಯಾಂಕ್ ಶಾಖೆಯಲ್ಲಿದ್ದೆ. ಒಂದು ದಿನ ಒಬ್ಬರು ಪ್ಲಾಸ್ಟಿಕ್ ಕೊಟ್ಟೆಯಲ್ಲಿ ನಾಲ್ಕು ಬೀನ್ಸ್ ತಂದು ನನ್ನ ಮೇಜಿನ ಮೇಲಿಟ್ಟರು. "ಇದರ ಮೇಲೆ ಎಷ್ಟು ಸಾಲ ಕೊಡ್ತೀರಿ ಹೇಳಿ" ಅಂದರು. ತಮಾಷೆ ಅಲ್ಲ, ನಿಜವಾಗಿಯೇ ಕೇಳಿದ್ದು. ವೆನಿಲ್ಲಾ ಮೇಲೆ ಸಾಲ ಕೊಡುವ ಪದ್ಧತಿ ನಮ್ಮ ಶಾಖೆಯಲ್ಲಿ ಇರಲಿಲ್ಲ. ಅವರಿಗೆ ಸಿಟ್ಟು ಬಂತು. ಕೊಟ್ಟೆ ಎತ್ತಿಕೊಂಡು ಹೋದರು. ಅವತ್ತು ನನಗೂ ನಮ್ಮ ನಿಯಮ ಮೂರ್ಖತನದ್ದು ಅಂತಲೇ ಅನಿಸಿತ್ತು ಅನ್ನಿ.

ಎರಡು ವರ್ಷದಲ್ಲಿ ದರ ನೂರರ ಕೆಳಗೆ ಬಂತು. ತುಂಬಾ ಜನರಿಗೆ ಪೆಟ್ಟು ಬಿತ್ತು. ಆದರೆ ಶಿರಸಿ ಪೇಟೆ ಬಾಗಿಲು ಹಾಕಲಿಲ್ಲ. ಅಡಿಕೆ ವ್ಯಾಪಾರ ನಿಲ್ಲಲಿಲ್ಲ, ಬ್ಯಾಂಕಿನ ಮುಂದೆ ಜನ ದುಡ್ಡು ವಾಪಸ್ ಕೊಡಿ ಅಂತ ಸಾಲು ನಿಲ್ಲಲಿಲ್ಲ. ಬಳ್ಳಿ ಕಿತ್ತು ಹಾಕಿದರು, ಮರಕ್ಕೆ ಕಾಳುಮೆಣಸು ಹಬ್ಬಿಸಿದರು, ಮುಂದೆ ಹೋದರು.

ಹಾಗಾದರೆ ಪ್ರಶ್ನೆ ಇದು. ದರ ಏರಿದ್ದೆಲ್ಲ ಒಂದು ದಿನ ಇಳಿಯುತ್ತದೆ, ಅದರಲ್ಲಿ ಹೊಸದೇನಿಲ್ಲ. ಕೆಲವು ಸಲ ಇಳಿದಾಗ ಒಂದಷ್ಟು ಜನರಿಗೆ ನಷ್ಟವಾಗಿ ಅಲ್ಲಿಗೆ ಮುಗಿಯುತ್ತದೆ. ಕೆಲವು ಸಲ ಒಂದು ಇಡೀ ನಗರ, ಒಂದು ಇಡೀ ದೇಶ ವರ್ಷಗಟ್ಟಲೆ ಏಳುವುದೇ ಇಲ್ಲ. ವ್ಯತ್ಯಾಸ ಎಲ್ಲಿದೆ?

ಇದಕ್ಕೆ ಎಲ್ಲರೂ 1929ರ ಅಮೆರಿಕದ ಷೇರುಪೇಟೆ ಕುಸಿತದ ಉದಾಹರಣೆ ಕೊಡುತ್ತಾರೆ. ನಾನೂ ಆಮೇಲೆ ಅಲ್ಲಿಗೆ ಬರುತ್ತೇನೆ. ಆದರೆ ಅದಕ್ಕಿಂತ ಅರವತ್ತು ವರ್ಷ ಹಿಂದಿನ ಇನ್ನೊಂದು ಕತೆ ಇದೆ. ಅದು ಈ ಸಭಾಭವನದ ಮುಂದಿನ ರಸ್ತೆಯಲ್ಲೇ ಹಾದು ಹೋಗಿದೆ.

ಇಂಗ್ಲೆಂಡಿನ ಲಿವರ್‌ಪೂಲಿನ ಹತ್ತಿ ಪೇಟೆಯಲ್ಲಿ ಆಗ 'ಕುಮಟಾ' ಅಂತ ಒಂದು ಜಾತಿಯ ಹತ್ತಿ ಇತ್ತು. ಕುಮಟಾದಲ್ಲಿ ಹತ್ತಿ ಬೆಳೆಯುತ್ತದಾ? ಒಂದು ಗಿಡವೂ ಇಲ್ಲ. ಅದು ಧಾರವಾಡ, ಹುಬ್ಬಳ್ಳಿ, ಗದಗದ ಕಪ್ಪು ಮಣ್ಣಿನ ಜವಾರಿ ಹತ್ತಿ. ಅಲ್ಲಿಂದ ಎತ್ತಿನ ಮೇಲೆ, ಗಾಡಿಯಲ್ಲಿ ಘಟ್ಟ ಇಳಿದು ಕುಮಟಾ ಬಂದರಿಗೆ ಬರುತ್ತಿತ್ತು. ಅಲ್ಲಿಂದ ಹಡಗಿನಲ್ಲಿ ಮುಂಬೈ, ಮುಂಬೈಯಿಂದ ಇಂಗ್ಲೆಂಡ್. ಹಡಗು ಹತ್ತಿಸಿದ ಊರಿನ ಹೆಸರೇ ಹತ್ತಿಗೆ ನಿಂತಿತು. ಅದರ ಜೊತೆ ಇನ್ನೊಂದು ಜಾತಿ. ಅಮೆರಿಕದ ಬೀಜ ತರಿಸಿ 1840ರ ದಶಕದಲ್ಲಿ ಸರ್ಕಾರವೇ ಧಾರವಾಡದ ಕಡೆ ಹಾಕಿಸಿದ್ದು. ನಮ್ಮ ರೈತರು ಅದಕ್ಕೆ ವಿಲಾಯತಿ ಹತ್ತಿ ಅಂದರು, ಇಂಗ್ಲಿಷರು ಧಾರವಾಡ ಹತ್ತಿ ಅಂದರು. ಒಬ್ಬರಿಗೆ ದೂರದ್ದು, ಇನ್ನೊಬ್ಬರಿಗೂ ದೂರದ್ದೇ!

1861ರ ಏಪ್ರಿಲ್‌ನಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಶುರುವಾಯಿತು. ಉತ್ತರದವರು ದಕ್ಷಿಣದ ಬಂದರುಗಳನ್ನು ಮುಚ್ಚಿಸಿದರು. ಇಂಗ್ಲೆಂಡಿನ ಲಂಕಾಷೈರಿನ ಬಟ್ಟೆ ಗಿರಣಿಗಳಿಗೆ ಬೇಕಾದ ಹತ್ತಿಯಲ್ಲಿ ಮುಕ್ಕಾಲಿಗಿಂತ ಜಾಸ್ತಿ ಅಲ್ಲಿಂದಲೇ ಬರುತ್ತಿತ್ತು. ಅದು ನಿಂತಿತು. ಗಿರಣಿ ಮಾಲೀಕರು ಮುಂಬೈ ಕಡೆ ತಿರುಗಿದರು. ಮುಂಬೈಯಿಂದ ಹೋಗುವ ಹತ್ತಿಗೆ ಯುದ್ಧಕ್ಕೆ ಮುಂಚೆ ಲಿವರ್‌ಪೂಲಿನಲ್ಲಿ ಒಂದು ಪೌಂಡ್ ತೂಕಕ್ಕೆ ನಾಲ್ಕೈದು ಪೆನ್ನಿ. 1864ರಲ್ಲಿ ಇಪ್ಪತ್ತು ದಾಟಿತು.

ಒಂದು ಪಕ್ಕದ ಮಾತು ಹೇಳಿಬಿಡುತ್ತೇನೆ. ನಮ್ಮ ಉತ್ತರ ಕನ್ನಡ ಜಿಲ್ಲೆ ಆಗ ಮದ್ರಾಸಿಗೆ ಸೇರಿತ್ತು. ಧಾರವಾಡ ಮುಂಬೈಗೆ ಸೇರಿತ್ತು. ಹತ್ತಿ ಬೆಳೆಯುವ ಜಾಗ ಒಬ್ಬರದು, ಹಡಗು ಹತ್ತಿಸುವ ಜಾಗ ಇನ್ನೊಬ್ಬರದು. ಕಾರವಾರದಲ್ಲಿ ಒಳ್ಳೆಯ ಬಂದರು ಮಾಡಿ, ಅಲ್ಲಿಗೆ ರಸ್ತೆ ಇಳಿಸಿ ಅಂತ ಮ್ಯಾಂಚೆಸ್ಟರಿನ ಗಿರಣಿಯವರ ಒತ್ತಾಯ. 1862ರಲ್ಲಿ ಜಿಲ್ಲೆಯನ್ನೇ ಮುಂಬೈ ಪ್ರಾಂತ್ಯಕ್ಕೆ ಸೇರಿಸಿದರು. ಕುಂದಾಪುರವನ್ನು ಮಾತ್ರ ಮದ್ರಾಸಿಗೇ ಬಿಟ್ಟರು. ಹತ್ತಿಯ ಆಸೆಗೆ ಜಿಲ್ಲೆಯ ಗಡಿ ಬದಲಾಯಿತು ನೋಡಿ. ಹುಬ್ಬಳ್ಳಿಯಿಂದ ಕರಾವಳಿಗೆ ರೈಲು ಬೇಕು ಅನ್ನುವ ಮಾತೂ ಆ ಕಾಲದ್ದೇ. ಹುಬ್ಬಳ್ಳಿ-ಅಂಕೋಲಾ ರೈಲು ಇವತ್ತಿಗೂ ಕಾಗದದ ಮೇಲೇ ಓಡುತ್ತಿದೆ.

ಸರಿ, ದುಡ್ಡು ಬಂತು. ನಾಲ್ಕೈದು ವರ್ಷದಲ್ಲಿ ಮುಂಬೈಗೆ ಮಾಮೂಲಿಗಿಂತ ಜಾಸ್ತಿ ಬಂದ ದುಡ್ಡು 7 ಕೋಟಿ ಪೌಂಡಿಗೂ ಹೆಚ್ಚು ಅಂತ ಆಮೇಲೆ ಲೆಕ್ಕ ಹಾಕಿದರು. ಬೆಳ್ಳಿ ಹಡಗು ಹಡಗಾಗಿ ಬಂದು ಇಳಿಯಿತು. ನಾಗಪುರದ ಕಡೆ ರೈತರು ಗಾಡಿ ಚಕ್ರಕ್ಕೆ ಬೆಳ್ಳಿ ಪಟ್ಟಿ ಹಾಕಿಸಿದರು ಅಂತ ಒಂದು ಕತೆ ಇದೆ. ನಾನು ಅದನ್ನು ಪೂರ್ತಿ ನಂಬುವುದಿಲ್ಲ. ಬೆಳ್ಳಿ ಪಟ್ಟಿ ಕಟ್ಟಿ ಕಲ್ಲು ರಸ್ತೆಯಲ್ಲಿ ಗಾಡಿ ಹೊಡೆಯುವ ರೈತನನ್ನು ನಾನಂತೂ ನೋಡಿಲ್ಲ. ಆದರೆ ಇಂಥ ಕತೆ ಹುಟ್ಟಬೇಕಾದರೆ ಏನೋ ನಡೆದಿರಬೇಕು.

ಎಲ್ಲರಿಗೂ ಸುಗ್ಗಿ ಅಂದುಕೊಳ್ಳಬೇಡಿ. ಹತ್ತಿ ಏರಿದರೆ ನೂಲು ಏರುತ್ತದೆ. ಕೈಮಗ್ಗದವನಿಗೆ ನೂಲು ಸಿಗಲಿಲ್ಲ. ಜೋಳದ ದರವೂ ಏರಿತು. ಕೂಲಿಯವನಿಗೆ ಕೂಲಿ ಜಾಸ್ತಿ ಬಂದರೂ ಅದು ಹೊಟ್ಟೆಗೇ ಹೋಯಿತು. ಇನ್ನು ಹತ್ತಿಯಲ್ಲಿ ಬೀಜ, ಮಣ್ಣು ಸೇರಿಸಿ ತೂಕ ಬರಿಸುವ ಚಾಳಿ ಎಷ್ಟು ಹೆಚ್ಚಿತು ಅಂದರೆ, 1863ರಲ್ಲಿ ಮುಂಬೈ ಸರ್ಕಾರ ಹತ್ತಿ ಕಲಬೆರಕೆ ತಡೆಯಲಿಕ್ಕೇ ಒಂದು ಕಾಯ್ದೆ ತಂದಿತು.

ಈವರೆಗೆ ನಡೆದದ್ದು ವೆನಿಲ್ಲಾ ಕತೆಯೇ. ದೂರದಲ್ಲಿ ಯಾರಿಗೋ ಕಷ್ಟ, ಇಲ್ಲಿ ಒಳ್ಳೆಯ ದರ. ಇಲ್ಲಿಗೇ ನಿಂತಿದ್ದರೆ ಯುದ್ಧ ಮುಗಿದ ದಿನ ದರ ಇಳಿಯುತ್ತಿತ್ತು, ಎರಡು ವರ್ಷ ಬೇಜಾರು ಮಾಡಿಕೊಂಡು ಎಲ್ಲರೂ ಹಳೆ ಬದುಕಿಗೆ ಮರಳುತ್ತಿದ್ದರು.

ಆದರೆ ಬಂದ ದುಡ್ಡು ಸುಮ್ನೆ ಕೂರಲಿಲ್ಲ. ಅದು ಎಲ್ಲಿಗೆ ಹೋಯಿತು ಅನ್ನುವುದರಲ್ಲೇ ಎಲ್ಲಾ ಇದೆ.

ಮುಂಬೈಯಲ್ಲಿ ಪ್ರೇಮಚಂದ್ ರಾಯ್‌ಚಂದ್ ಅಂತ ಒಬ್ಬ ಹತ್ತಿ ಮತ್ತು ಷೇರು ದಲ್ಲಾಳಿ ಇದ್ದರು. ಹುಟ್ಟಿದ್ದು 1831. ಅಂದರೆ ಯುದ್ಧ ಶುರುವಾದಾಗ ಅವರಿಗೆ ಮೂವತ್ತು ವರ್ಷ. ಅಸಾಧ್ಯ ಬುದ್ಧಿ, ಅಸಾಧ್ಯ ನೆನಪು, ದಾನದಲ್ಲೂ ಎತ್ತಿದ ಕೈ. ಅವರು ಮುಟ್ಟಿದ ಕಂಪನಿಯ ಷೇರು ಅವತ್ತೇ ಏರುತ್ತಿತ್ತು. ಎಲ್ಲಕ್ಕಿಂತ ದೊಡ್ಡದು ಬ್ಯಾಕ್ ಬೇ ಕಂಪನಿ. ಸಮುದ್ರಕ್ಕೆ ಮಣ್ಣು ತುಂಬಿ ನೆಲ ಮಾಡುವುದು, ಸ್ವಲ್ಪ ರೈಲಿಗೆ ಕೊಡುವುದು, ಉಳಿದದ್ದನ್ನು ಮಾರುವುದು. ಯೋಚನೆ ಕೆಟ್ಟದ್ದಲ್ಲ. ಇವತ್ತು ಚರ್ಚ್‌ಗೇಟಿಗೆ ಲೋಕಲ್ ಹಿಡಿದು ಹೋದವರು ಆ ಕಾಲದಲ್ಲಿ ಸಮುದ್ರವಾಗಿದ್ದ ಜಾಗದ ಮೇಲೇ ಇಳಿಯುತ್ತೀರಿ. ಆದರೆ 5,000 ರೂಪಾಯಿ ಕಟ್ಟಿದ ಷೇರು 50,000ಕ್ಕೆ ಹೋಯಿತು. ನೆಲ ಇನ್ನೂ ನೀರಿನಡಿ ಇತ್ತು!

1865ರ ಜನವರಿಯಲ್ಲಿ ಮುಂಬೈಯಲ್ಲಿ 31 ಬ್ಯಾಂಕು, 16 ಫೈನಾನ್ಸ್ ಕಂಪನಿ, 8 ಭೂಮಿ ಕಂಪನಿ, 20 ವಿಮಾ ಕಂಪನಿ, ಜೊತೆಗೆ ಹಡಗಿನವು, ಹತ್ತಿ ಒತ್ತುವ ಪ್ರೆಸ್ಸಿನವು, ಇನ್ನೂ ಏನೇನೋ ಅರವತ್ತಕ್ಕೂ ಜಾಸ್ತಿ. ಹತ್ತು ವರ್ಷದ ಹಿಂದೆ ಇಂಥವು ಬೆರಳೆಣಿಕೆಯಷ್ಟೂ ಇರಲಿಲ್ಲ. ವ್ಯಾಪಾರಿಗಳು ಮಾತ್ರ ಅಲ್ಲ, ಗುಮಾಸ್ತರು, ಸರ್ಕಾರಿ ಅಧಿಕಾರಿಗಳು, ಮನೆಗೆಲಸದವರು, ಎಲ್ಲರೂ ಷೇರಿಗೆ ಬಿದ್ದರು.

ಇಲ್ಲಿ ಸ್ವಲ್ಪ ನಿಧಾನ ಮಾಡುತ್ತೇನೆ. ಒಬ್ಬ ಗುಮಾಸ್ತನನ್ನು ಕಲ್ಪಿಸಿಕೊಳ್ಳಿ. ತಿಂಗಳಿಗೆ 30 ರೂಪಾಯಿ ಸಂಬಳ. ಕೂಡಿಟ್ಟ 200 ರೂಪಾಯಿ ಇದೆ. ಒಂದು ಹೊಸ ಕಂಪನಿ. ಷೇರಿನ ಮುಖಬೆಲೆ 100, ಆದರೆ ಈಗ 20 ಕಟ್ಟಿದರೆ ಸಾಕು, ಉಳಿದ 80 ಕಂಪನಿ ಕೇಳಿದಾಗ. ಹತ್ತು ಷೇರು ತೆಗೆದುಕೊಂಡ. ಎರಡು ತಿಂಗಳಲ್ಲಿ ಪೇಟೆಯಲ್ಲಿ ಒಂದೊಂದು ಷೇರಿಗೆ 100 ರೂಪಾಯಿ ದರ. ಅವನ ಹತ್ತಿರ ಈಗ ಸಾವಿರ ರೂಪಾಯಿ ಇದೆ, ಲೆಕ್ಕದಲ್ಲಿ. ಆ ಷೇರನ್ನೇ ಬ್ಯಾಂಕಿನಲ್ಲಿ ಅಡ ಇಟ್ಟ. ಬ್ಯಾಂಕು 700 ಕೊಟ್ಟಿತು. ಅದರಲ್ಲಿ ಇನ್ನೊಂದು ಹೊಸ ಕಂಪನಿಯ 35 ಷೇರು ತೆಗೆದ, ತಲಾ 20 ಕಟ್ಟಿ. ಈಗ ಒಟ್ಟು 45 ಷೇರಿನ ಸಾಹುಕಾರ. ಮನೆಗೆ ಬಂದು ಹೆಂಡತಿಗೆ ಬಳೆ ಮಾಡಿಸುತ್ತೇನೆ ಅಂದ.

ಅವನ ಲೆಕ್ಕದ ಇನ್ನೊಂದು ಬದಿ ನೋಡಿ. ಸ್ವಂತ ದುಡ್ಡು 200. ಬ್ಯಾಂಕಿನ ಸಾಲ 700. ಅದೂ ಅಲ್ಲದೆ 45 ಷೇರಿಗೆ ತಲಾ 80ರಂತೆ, ಮುಂದೆ ಯಾವಾಗಲೋ ಕಟ್ಟುತ್ತೇನೆ ಅಂತ ಒಪ್ಪಿದ್ದು 3,600. ಸಂಬಳ 30. ಈ 3,600 ಯಾರ ಕಣ್ಣಿಗೂ ಬೀಳಲಿಲ್ಲ, ಯಾಕೆಂದರೆ ಅದನ್ನು ಕಟ್ಟುವ ಮುಂಚೆಯೇ ಷೇರು ಮಾರಿ ಹೊರಗೆ ಬರುತ್ತೇನೆ ಅಂತ ಪ್ರತಿಯೊಬ್ಬನೂ ಅಂದುಕೊಂಡಿದ್ದ. ಪ್ರತಿಯೊಬ್ಬನೂ ಮಾರಿದರೆ ಕೊಳ್ಳುವವನು ಯಾರು ಅನ್ನುವ ಪ್ರಶ್ನೆ ಒಬ್ಬರೂ ಕೇಳಲಿಲ್ಲ.

ಇದರ ಮೇಲೆ ವಾಯಿದೆ ವ್ಯಾಪಾರ ಬೇರೆ. ಕೈಯಲ್ಲಿ ದುಡ್ಡೂ ಇಲ್ಲ, ಷೇರೂ ಇಲ್ಲ. ಇಂಥ ತಾರೀಕಿಗೆ ಇಂಥ ದರಕ್ಕೆ ಕೊಳ್ಳುತ್ತೇನೆ ಅಂತ ಮಾತು. ಆ ಮಾತುಗಳಲ್ಲಿ ಬಹಳಷ್ಟಕ್ಕೆ ಗಡುವು 1865ರ ಜುಲೈ 1.

ಬ್ಯಾಂಕುಗಳು ಏನು ಮಾಡುತ್ತಿದ್ದವು? ಸಾಮಾನ್ಯ ಬ್ಯಾಂಕುಗಳನ್ನು ಬಿಡಿ. ಬ್ಯಾಂಕ್ ಆಫ್ ಬಾಂಬೆ ಅಂತ ಒಂದಿತ್ತು. 1840ರಲ್ಲಿ ಹುಟ್ಟಿದ್ದು. ಅದರಲ್ಲಿ ಸರ್ಕಾರದ್ದೂ ಷೇರು, ಸರ್ಕಾರದ ನಿರ್ದೇಶಕರು, ಸರ್ಕಾರದ ಖಜಾನೆ ದುಡ್ಡು. ಅದರ ಹಳೆ ನಿಯಮ ಬಿಗಿಯಾಗಿತ್ತು. ಕಂಪನಿ ಷೇರಿನ ಮೇಲೆ ಹೀಗೆ ಸಾಲ ಕೊಡುವ ಹಾಗೇ ಇರಲಿಲ್ಲ. 1863ರಲ್ಲಿ ಹೊಸ ಕಾಯ್ದೆ ಬಂದು ಆ ಬಿಗಿ ಸಡಿಲವಾಯಿತು. ಆಮೇಲೆ ಪ್ರೇಮಚಂದರ ಒಂದು ಚೀಟಿ ಬಂದರೆ ಸಾಲ ಪಾಸ್ ಆಗುವ ಸ್ಥಿತಿ. ಇದು ಆಮೇಲೆ ತನಿಖಾ ಆಯೋಗದ ಮುಂದೆ ಬಯಲಿಗೆ ಬಂತು. ಬ್ಯಾಂಕಿನ 500 ರೂಪಾಯಿ ಷೇರು 2,850ಕ್ಕೆ ಏರಿತು. ಬ್ಯಾಂಕು ಸಾಲ ಕೊಟ್ಟಿದ್ದಕ್ಕೆ ಷೇರು ಏರುತ್ತದೆ, ಷೇರು ಏರಿದ್ದಕ್ಕೆ ಬ್ಯಾಂಕು ಇನ್ನೂ ಸಾಲ ಕೊಡುತ್ತದೆ. ನಾನು ಮೂವತ್ತು ವರ್ಷ ಬ್ಯಾಂಕಿನ ಕುರ್ಚಿಯಲ್ಲಿ ಕೂತವನು. ಅಡವಿನ ಬೆಲೆ ಏರುತ್ತಿರುವಾಗ ಎಲ್ಲಾ ಸಾಲವೂ ಒಳ್ಳೆಯ ಸಾಲದ ಹಾಗೇ ಕಾಣುತ್ತದೆ. ಒಂದು ಕಂತೂ ತಪ್ಪುವುದಿಲ್ಲ, ಯಾಕೆಂದರೆ ಹೊಸ ಸಾಲದಲ್ಲಿ ಹಳೆ ಕಂತು ಕಟ್ಟುತ್ತಿರುತ್ತಾರೆ.

1864ರ ಕೊನೆಯಲ್ಲೇ ಅಮೆರಿಕದಲ್ಲಿ ಸಂಧಿ ಆಗುತ್ತದಂತೆ ಅನ್ನುವ ಗಾಳಿಸುದ್ದಿಗೆ ಹತ್ತಿ ದರ ನಡುಗಿತ್ತು. 1865ರ ಏಪ್ರಿಲ್ 9ಕ್ಕೆ ದಕ್ಷಿಣದ ಸೇನಾಪತಿ ಲೀ ಶರಣಾದ. ಯುರೋಪಿನಿಂದ ಭಾರತಕ್ಕೆ ತಂತಿ ಸಂಪರ್ಕ ಆ ವರ್ಷವಷ್ಟೇ ಸಿಕ್ಕಿತ್ತು. ಹಾಗಾಗಿ ಸುದ್ದಿ ಹಡಗಿಗೆ ಕಾಯಲಿಲ್ಲ. ಹಿಂದಿನ ಬೇಸಿಗೆಯ ದರಕ್ಕೆ ಹೋಲಿಸಿದರೆ ಹತ್ತಿ ಅರ್ಧಕ್ಕಿಂತ ಕೆಳಗೆ ಬಿತ್ತು.

ಗಮನಿಸಿ, ಆಗಲೂ ಹತ್ತಿಯ ದರ ಯುದ್ಧಕ್ಕೆ ಮುಂಚಿನದಕ್ಕಿಂತ ಜಾಸ್ತಿಯೇ ಇತ್ತು. ಹತ್ತಿ ಬೆಳೆಯುವವನಿಗೆ, ಮಾರುವವನಿಗೆ ಅದು ಕೆಟ್ಟ ದರ ಅಲ್ಲ. ಆದರೆ ಇಪ್ಪತ್ತು ಪೆನ್ನಿಯ ಲೆಕ್ಕದಲ್ಲಿ ಸಾಲ ಮಾಡಿದವನಿಗೆ ಹತ್ತು ಪೆನ್ನಿ ಅಂದರೆ ಸರ್ವನಾಶ.

ಈಗ ನಮ್ಮ ಗುಮಾಸ್ತನ ಮನೆಗೆ ಹೋಗೋಣ. ಷೇರಿನ ದರ ಹತ್ತಕ್ಕೆ ಬಂದಿದೆ. 45 ಷೇರಿಗೆ 450. ಬ್ಯಾಂಕಿನವರು 700 ಕೇಳುತ್ತಿದ್ದಾರೆ. ಅದೇ ವಾರ ಕಂಪನಿಯಿಂದ ಕಾಗದ ಬಂತು, ಷೇರಿಗೆ 30 ರೂಪಾಯಿ ಕಟ್ಟಿ ಅಂತ. 45ಕ್ಕೆ 1,350. ನಾಲ್ಕು ವರ್ಷದ ಸಂಬಳಕ್ಕೆ ಸ್ವಲ್ಪ ಕಡಿಮೆ. ಷೇರು ಮಾರಿಬಿಡೋಣ ಅಂದರೆ, ಆ ಷೇರಿನ ಜೊತೆ ಬಾಕಿ ಕಟ್ಟುವ ಹೊಣೆಯೂ ಕೊಂಡವನ ಹೆಗಲಿಗೆ ಹೋಗುತ್ತದೆ. ಪುಕ್ಕಟೆ ಕೊಟ್ಟರೂ ಯಾರಿಗೂ ಬೇಡ! ಒಂದು ಕಾಲದಲ್ಲಿ 100 ರೂಪಾಯಿ ಬೆಲೆಬಾಳುತ್ತಿದ್ದ ಕಾಗದವನ್ನು ಮನೆಯಿಂದ ಹೊರಗೆ ಹಾಕಲಿಕ್ಕೆ ಆಗದೆ ಒದ್ದಾಡುವ ಪರಿಸ್ಥಿತಿ.

ಅವನು ಕಟ್ಟಲಿಲ್ಲ. ಕಂಪನಿಗೆ ದುಡ್ಡು ಬರಲಿಲ್ಲ, ಅದು ಬ್ಯಾಂಕಿಗೆ ಕಟ್ಟಲಿಲ್ಲ. ಬ್ಯಾಂಕು ಹೊಸ ಸಾಲ ನಿಲ್ಲಿಸಿತು. ನಿಲ್ಲಿಸಿದಾಗ ಷೇರು ಮುಟ್ಟದ, ಮರ್ಯಾದೆಯಿಂದ ಹುಂಡಿ, ಅಂದರೆ ಹಣದ ಚೀಟಿಯ ವ್ಯಾಪಾರ ಮಾಡುತ್ತಿದ್ದವನಿಗೂ ದುಡ್ಡು ಸಿಗಲಿಲ್ಲ. ಅವನು ಕೆಲಸದವರನ್ನು ಕಳಿಸಿದ. ದೊಡ್ಡ ದೊಡ್ಡ ಪಾರ್ಸಿ ಮನೆತನಗಳು ಮೇ ತಿಂಗಳಿಂದಲೇ ದಿವಾಳಿಯ ಬಾಗಿಲಿಗೆ ಬಂದವು. ಜುಲೈ 1 ಬಂತು. ವಾಯಿದೆ ಮಾತು ಕೊಟ್ಟವರಲ್ಲಿ ಕೊಡಲಿಕ್ಕೆ ಇದ್ದವರು ಬಹಳ ಕಡಿಮೆ. ಒಬ್ಬನಿಗೆ ಬರಬೇಕಾದ್ದು ಬಂದರೆ ತಾನೇ ಅವನು ಇನ್ನೊಬ್ಬನಿಗೆ ಕೊಡುವುದು? ಸರಪಳಿಯ ಹಾಗೆ ಎಲ್ಲರೂ ಒಟ್ಟಿಗೇ ಬಿದ್ದರು. 50,000ದ ಬ್ಯಾಕ್ ಬೇ ಷೇರು ಎರಡು ಸಾವಿರದ ಕೆಳಗೆ. ಬ್ಯಾಂಕ್ ಆಫ್ ಬಾಂಬೆಯ 2,850ರ ಷೇರು ಕೊನೆಗೆ 87 ರೂಪಾಯಿ.

ಆ ಬ್ಯಾಂಕು ಎರಡೂವರೆ ವರ್ಷ ಎಳೆದಾಡಿ 1868ರಲ್ಲಿ ಮುಚ್ಚಿತು. 2 ಕೋಟಿ 9 ಲಕ್ಷ ಬಂಡವಾಳದಲ್ಲಿ ಬಹುಪಾಲು ಹೋಗಿತ್ತು. ಅದರ ಜಾಗಕ್ಕೆ ಅದೇ ವರ್ಷ ಹೊಸ ಬ್ಯಾಂಕ್ ಆಫ್ ಬಾಂಬೆ ಬಂತು. ಆ ಹೊಸದು 1921ರಲ್ಲಿ ಇಂಪೀರಿಯಲ್ ಬ್ಯಾಂಕಿಗೆ ಸೇರಿ, 1955ರಲ್ಲಿ ಸ್ಟೇಟ್ ಬ್ಯಾಂಕ್ ಆಯಿತು. ಇಲ್ಲಿ ಸ್ಟೇಟ್ ಬ್ಯಾಂಕಿನ ನಿವೃತ್ತರು ಇದ್ದೀರಲ್ಲ, ನಿಮ್ಮ ಮುತ್ತಜ್ಜನ ಕತೆ ಇದು.

ಕುಸಿತದ ನಂತರ ಮುಂಬೈ ಹೇಗಿತ್ತು? ನನಗೆ ಎರಡು ಸಂಖ್ಯೆ ಸಾಕು. 1864ರ ಜನಗಣತಿಯಲ್ಲಿ ಊರಿನ ಜನಸಂಖ್ಯೆ 8,16,562. 1872ರ ಜನಗಣತಿಯಲ್ಲಿ 6,44,405. ಎಂಟು ವರ್ಷದಲ್ಲಿ ಮುಂಬೈಯಂಥ ಊರು ಐದರಲ್ಲಿ ಒಂದು ಪಾಲು ಖಾಲಿಯಾಗಿದೆ. ಮಣ್ಣು ಹೊರುವ ಕೆಲಸ, ಕಟ್ಟಡದ ಕೆಲಸ, ಹಮಾಲಿ ಕೆಲಸ ನಂಬಿ ಬಂದವರು ಗಂಟು ಕಟ್ಟಿಕೊಂಡು ವಾಪಸ್ ಹೋದರು. ಆ ಎರಡು ಲಕ್ಷದ ಹತ್ತಿರ ಜನರಲ್ಲಿ ಷೇರು ಕಾಗದ ಕಣ್ಣಲ್ಲಿ ನೋಡಿದವರು ಎಷ್ಟು ಮಂದಿ ಇದ್ದಾರು?

ಜಮ್ಷೆಟ್‌ಜಿ ಟಾಟಾ ಹೆಸರು ಎಲ್ಲರಿಗೂ ಗೊತ್ತು. ಆಗ ಅವರಿಗೆ ಇಪ್ಪತ್ತೈದು, ಇಪ್ಪತ್ತಾರು ವಯಸ್ಸು. ಭಾರತೀಯರದ್ದೇ ಒಂದು ಬ್ಯಾಂಕ್ ತೆಗೆಯುವ ಕೆಲಸಕ್ಕೆ ಲಂಡನ್ನಿಗೆ ಹೋಗಿದ್ದಾಗ ಇಲ್ಲಿ ಕುಸಿತ ಆಯಿತು. ಅಪ್ಪ ಮನೆ ಮಾರಬೇಕಾಯಿತು. ಆಮೇಲೆ ಅಬಿಸೀನಿಯಾ, ಅಂದರೆ ಇವತ್ತಿನ ಇಥಿಯೋಪಿಯಾದ ಯುದ್ಧದ ಸೇನೆಗೆ ಸಾಮಾನು ಒದಗಿಸುವ ಗುತ್ತಿಗೆಯಲ್ಲಿ ಚೇತರಿಸಿಕೊಂಡರು. ಬೆಂಗಳೂರಿನ ವಿಜ್ಞಾನ ಸಂಸ್ಥೆಗೆ ದುಡ್ಡು ಕೊಡುವ ಟಾಟಾ ಬರಬೇಕಾದರೆ ಮೊದಲು ಈ ದಿವಾಳಿ ದಾಟಬೇಕಿತ್ತು. ಪ್ರೇಮಚಂದರು ಎಲ್ಲಾ ಕಳೆದುಕೊಂಡರು. ಆದರೆ ಕುಸಿತಕ್ಕೆ ಮುಂಚೆ ಅವರು ಮುಂಬೈ ವಿಶ್ವವಿದ್ಯಾಲಯಕ್ಕೆ ತಾಯಿಯ ಹೆಸರಲ್ಲಿ ಒಂದು ಗಡಿಯಾರ ಗೋಪುರಕ್ಕೆ 2 ಲಕ್ಷ ಕೊಟ್ಟಿದ್ದರು. ರಾಜಾಬಾಯಿ ಗೋಪುರ. ಅದು 1878ರಲ್ಲಿ ಮುಗಿಯಿತು. ಆ ಐದು ವರ್ಷದ ದುಡ್ಡಿನಲ್ಲಿ ಕಣ್ಣಿಗೆ ಕಾಣುವ ಹಾಗೆ ಉಳಿದದ್ದು ಇಂಥ ಕೆಲವು ಮಾತ್ರ. ಕೊಟ್ಟ ದುಡ್ಡು ಉಳಿಯಿತು, ಇಟ್ಟುಕೊಂಡದ್ದು ಹೋಯಿತು ಅಂತ ನನ್ನ ಹೆಂಡತಿ ಹೇಳುತ್ತಾಳೆ. ನಾನು ಬ್ಯಾಂಕಿನವನು, ಅಷ್ಟು ಸುಲಭವಾಗಿ ಒಪ್ಪುವುದಿಲ್ಲ.

ಹಳ್ಳಿಗೆ ಬರೋಣ. ರೈತ ಷೇರು ಕೊಂಡಿರಲಿಲ್ಲ. ಆದರೆ ಅವನಿಗೂ ಎರಡು ಲೆಕ್ಕ ಅಂಟಿಕೊಂಡಿತ್ತು. ಒಂದು, ಸಾಹುಕಾರನದು. ಹತ್ತಿ ಏರಿದ್ದಾಗ ಸಾಹುಕಾರ ಕರೆದು ಸಾಲ ಕೊಟ್ಟಿದ್ದ. ಎತ್ತು, ಮದುವೆ, ಬಾವಿ, ಎಲ್ಲಾ ಆಗಿತ್ತು. ಎರಡು, ಸರ್ಕಾರದ್ದು. ಮುಂಬೈ ಪ್ರಾಂತ್ಯದಲ್ಲಿ ಕಂದಾಯವನ್ನು ಮೂವತ್ತು ವರ್ಷಕ್ಕೊಮ್ಮೆ ನಿಗದಿ ಮಾಡುತ್ತಿದ್ದರು. ಪುಣೆ ಜಿಲ್ಲೆಯ ಇಂದಾಪುರ ತಾಲೂಕಿನ ಸರದಿ 1867ಕ್ಕೆ ಬಂತು. ಹತ್ತಿ ಕಾಲದ ಏರಿದ ದರ ಕಣ್ಮುಂದೆಯೇ ಇತ್ತು. ಕಂದಾಯ ಒಂದೂವರೆ ಪಟ್ಟಿಗಿಂತ ಜಾಸ್ತಿ ಆಯಿತು, ಮುಂದಿನ ಮೂವತ್ತು ವರ್ಷಕ್ಕೆ! ದರ ಇಳಿಯಿತು. ಕಂದಾಯ ಹಾಗೇ ನಿಂತಿತು. ಸಾಹುಕಾರ ಕೈ ಬಿಗಿ ಮಾಡಿದ. 1875ರಲ್ಲಿ ಪುಣೆ, ಅಹಮದ್‌ನಗರದ ರೈತರು ಸಾಹುಕಾರರ ಮನೆಗೆ ನುಗ್ಗಿ ಸಾಲಪತ್ರ ಸುಟ್ಟರು. ಹೆಚ್ಚಿನ ಕಡೆ ಮನೆಯವರ ಮೈ ಮುಟ್ಟಲಿಲ್ಲ. ಅವರಿಗೆ ಬೇಕಾಗಿದ್ದದ್ದು ಕಾಗದ.

ಆ ರೈತರು ಅರ್ಥಶಾಸ್ತ್ರ ಓದಿರಲಿಲ್ಲ. ಆದರೆ ರೋಗ ಎಲ್ಲಿದೆ ಅಂತ ಅವರಿಗೆ ಸರಿಯಾಗಿ ಗೊತ್ತಿತ್ತು. ಬೆಲೆ ದಿನಕ್ಕೊಂದು ಆಗಬಹುದು. ಕಾಗದದ ಮೇಲಿನ ಸಾಲ ಮಾತ್ರ ಬರೆದಷ್ಟೇ ಇರುತ್ತದೆ. ವೆನಿಲ್ಲಾ ಬಿದ್ದಾಗ ನಾವು ಬದುಕಿದ್ದು ಯಾಕೆ ಅಂದರೆ, ಅದರ ಮೇಲೆ ಇಂಥ ಕಾಗದ ಹೆಚ್ಚು ಹುಟ್ಟಿರಲಿಲ್ಲ. ಕೊಟ್ಟೆ ಹಿಡಿದು ಬಂದವರಿಗೆ ನಾವು ಸಾಲ ಕೊಟ್ಟಿದ್ದರೆ, ಅವರು ಆ ಸಾಲದಲ್ಲಿ ಇನ್ನೊಬ್ಬರ ಬಳ್ಳಿ ಕೊಂಡಿದ್ದರೆ, ಅವರೂ ಬ್ಯಾಂಕಿಗೆ ಬಂದಿದ್ದರೆ, ಇವತ್ತಿನ ಮಾತು ಬೇರೆ ಇರುತ್ತಿತ್ತು.

ಇನ್ನು 1929. ನ್ಯೂಯಾರ್ಕಿನ ಷೇರುಪೇಟೆಯ ಡೌ ಸೂಚ್ಯಂಕ ಸೆಪ್ಟೆಂಬರ್ 3ಕ್ಕೆ 381. ಅಕ್ಟೋಬರ್ ಕೊನೆಯಲ್ಲಿ ಎರಡೇ ದಿನದಲ್ಲಿ ಕಾಲು ಭಾಗ ಹೋಯಿತು. 1932ರ ಜುಲೈಯಲ್ಲಿ 41. ಸಿನಿಮಾದಲ್ಲಿ ತೋರಿಸುವುದು ಈ ಅಕ್ಟೋಬರನ್ನೇ. ನನ್ನ ಮಟ್ಟಿಗೆ ಅದು ಬರೀ ಮುನ್ನುಡಿ. ನಿಜವಾದ ನಾಶ ಆದದ್ದು ಆಮೇಲಿನ ಮೂರು ವರ್ಷದಲ್ಲಿ, ಸದ್ದಿಲ್ಲದೆ. 1930ರಿಂದ 1933ರ ಒಳಗೆ ಸುಮಾರು 9,000 ಬ್ಯಾಂಕುಗಳು ಮುಚ್ಚಿದವು. ಆಗ ಠೇವಣಿಗೆ ವಿಮೆ ಇರಲಿಲ್ಲ. ಬ್ಯಾಂಕು ಹೋದರೆ ನಿಮ್ಮ ದುಡ್ಡು ಹೋಯಿತು. ಹಾಗಾಗಿ ಜನ ಒಳ್ಳೆಯ ಬ್ಯಾಂಕಿನಿಂದಲೂ ದುಡ್ಡು ಕಿತ್ತುಕೊಂಡು ಹಾಸಿಗೆ ಕೆಳಗೆ ಇಟ್ಟರು. ದೇಶದಲ್ಲಿ ಓಡಾಡುವ ದುಡ್ಡೇ ಮೂರರಲ್ಲಿ ಒಂದು ಪಾಲು ಕಡಿಮೆಯಾಯಿತು. ಸಾಮಾನಿನ ದರ ಕಾಲು ಭಾಗ ಇಳಿಯಿತು. ದುಡಿಯುವ ನಾಲ್ವರಲ್ಲಿ ಒಬ್ಬನಿಗೆ ಕೆಲಸ ಇಲ್ಲ. ಅಮೆರಿಕದ ರಿಸರ್ವ್ ಬ್ಯಾಂಕ್ ಅನ್ನಬಹುದಾದ ಸಂಸ್ಥೆ ಇದನ್ನು ನೋಡಿಕೊಂಡು ಕೂತಿತ್ತು. ಕೂತಿದ್ದರೆ ಸಾಕಿತ್ತು, 1931ರ ಅಕ್ಟೋಬರಿನಲ್ಲಿ ಚಿನ್ನ ಹೊರಗೆ ಹೋಗುತ್ತದೆ ಅಂತ ಹೆದರಿ ಬಡ್ಡಿ ಏರಿಸಿತು! ಜ್ವರ ಬಂದವನಿಗೆ ಕಂಬಳಿ ಕಿತ್ತುಕೊಂಡ ಹಾಗೆ.

ಅಗ್ಗವಾದರೆ ಒಳ್ಳೆಯದಲ್ವಾ ಅಂತ ಯಾರಾದರೂ ಕೇಳಬಹುದು. ಸಾಲ ಇಲ್ಲದವನಿಗೆ, ಕೆಲಸ ಇದ್ದವನಿಗೆ ಒಳ್ಳೆಯದೇ. ಗೋಧಿ ಬೆಳೆಯುವ ರೈತನನ್ನು ನೋಡಿ. ಹೊಲದ ಮೇಲೆ ಸಾವಿರ ಡಾಲರ್ ಸಾಲ ಇದೆ. 1929ರಲ್ಲಿ ಒಂದು ಬುಶೆಲ್ (ಅಲ್ಲಿನ ಧಾನ್ಯದ ಅಳತೆ) ಗೋಧಿಗೆ ಹೆಚ್ಚು ಕಡಿಮೆ ಒಂದು ಡಾಲರ್. ಸಾವಿರ ಬುಶೆಲ್ ಬೆಳೆದರೆ ಸಾಲ ತೀರುತ್ತದೆ. 1932ರಲ್ಲಿ 40 ಸೆಂಟಿಗಿಂತ ಕೆಳಗೆ. ಈಗ ಎರಡೂವರೆ ಸಾವಿರ ಬುಶೆಲ್ ಕೊಟ್ಟರೂ ಸಾಲದು. ಅವನು ಹೊಸದಾಗಿ ಒಂದು ಡಾಲರ್ ಸಾಲವನ್ನೂ ಮಾಡಿಲ್ಲ. ಸಾಲ ತಾನಾಗಿಯೇ ಬೆಳೆದಿದೆ. ಅದನ್ನು ತೀರಿಸಲಿಕ್ಕೆ ಎಲ್ಲಾ ರೈತರೂ ಇನ್ನೂ ಜಾಸ್ತಿ ಬೆಳೆದು ಪೇಟೆಗೆ ತಂದರು. ದರ ಇನ್ನೂ ಇಳಿಯಿತು. ತೀರಿಸಲಿಕ್ಕೆ ಓಡಿದಷ್ಟೂ ಸಾಲ ಮುಂದೆ ಓಡುತ್ತದೆ. ಇದನ್ನು 1933ರಲ್ಲಿ ಸ್ಪಷ್ಟವಾಗಿ ಬರೆದವನು ಅಮೆರಿಕದ ಅರ್ಥಶಾಸ್ತ್ರಜ್ಞ ಅರ್ವಿಂಗ್ ಫಿಶರ್. ಕುಸಿತಕ್ಕೆ ಕೆಲವೇ ದಿನ ಮುಂಚೆ, ಷೇರು ಇನ್ನು ಶಾಶ್ವತವಾಗಿ ಈ ಎತ್ತರದಲ್ಲೇ ಇರುತ್ತದೆ ಅಂತ ಹೇಳಿ ನಗೆಪಾಟಲಾದವನೂ ಅವನೇ. ಸ್ವಂತ ಆಸ್ತಿ ಪೂರ್ತಿ ಕಳೆದುಕೊಂಡ. ಹೇಳಿದ್ದು ಸುಳ್ಳಾದ ಮೇಲೆ ಯಾಕೆ ಸುಳ್ಳಾಯಿತು ಅಂತ ಕೂತು ಯೋಚಿಸಿದ ಅರ್ಥಶಾಸ್ತ್ರಜ್ಞರು ಕಡಿಮೆ. ಅದಕ್ಕೇ ನನಗೆ ಅವನ ಮೇಲೆ ಗೌರವ.

ಆ ಇಳಿತ ನಮಗೂ ಬಂತು. 1929ರಿಂದ ಮೂರು ನಾಲ್ಕು ವರ್ಷದಲ್ಲಿ ಭಾರತದ ರೈತನ ಬೆಳೆಗೆ ದರ ಹೆಚ್ಚು ಕಡಿಮೆ ಅರ್ಧವಾಯಿತು. ಕಂದಾಯ ಅರ್ಧ ಆಗಲಿಲ್ಲ. ಸಾಹುಕಾರನ ಪತ್ರ ಅರ್ಧ ಆಗಲಿಲ್ಲ. 1931ರ ಸೆಪ್ಟೆಂಬರಿನಲ್ಲಿ ಬ್ರಿಟನ್ ತನ್ನ ನಾಣ್ಯಕ್ಕಿದ್ದ ಚಿನ್ನದ ನಂಟು ಬಿಟ್ಟಿತು, ಚಿನ್ನದ ದರ ಏರಿತು. ಹಳ್ಳಿ ಹಳ್ಳಿಯಿಂದ ಹೆಂಗಸರ ಕೊರಳಿನ, ಕೈಯಿನ ಚಿನ್ನ ಮುಂಬೈಗೆ, ಅಲ್ಲಿಂದ ಲಂಡನ್ನಿಗೆ ಹೋಯಿತು. ಚಿನ್ನ ಬಿಟ್ಟುಕೊಡದ ದೇಶ ಅಂತ ಹೆಸರಾದ ನಾಡು ವರ್ಷಗಟ್ಟಲೆ ಚಿನ್ನ ರಫ್ತು ಮಾಡಿತು. ಸಂಕಟದ ಚಿನ್ನ ಅಂತಲೇ ಅದಕ್ಕೆ ಹೆಸರು ಬಂತು.

ಅದೇ ಹೊತ್ತಿಗೆ ನಮ್ಮ ಸಿದ್ದಾಪುರ, ಅಂಕೋಲಾದಲ್ಲಿ ಕರನಿರಾಕರಣೆ ನಡೆಯಿತು. ಅದು ಸ್ವಾತಂತ್ರ್ಯದ ಹೋರಾಟ. ಅದನ್ನು ಬರೀ ಬೆಲೆಯ ಲೆಕ್ಕಕ್ಕೆ ಇಳಿಸಿದರೆ ಆ ಜನರಿಗೆ ಅವಮಾನ ಮಾಡಿದ ಹಾಗೆ. ಆದರೆ ಬೆಳೆಗೆ ದರ ಇಲ್ಲದ ವರ್ಷಗಳು ಅವು ಅನ್ನುವುದನ್ನು ಮರೆತೂ ಓದಬಾರದು. ಕಂದಾಯ ಕೊಡದವರ ಮನೆ, ತೋಟ, ಪಾತ್ರೆ, ದನ ಜಪ್ತಿ ಮಾಡಿ ಹರಾಜು ಹಾಕಿದರು. ಸಿದ್ದಾಪುರದ ಕಡೆ ಹೆಂಗಸರು, ಹರಾಜಿನಲ್ಲಿ ಆಸ್ತಿ ಕೊಂಡವರ ಮನೆ ಮುಂದೆ ಹೋಗಿ ಉಪವಾಸ ಕೂತರು. ಕೊಂಡದ್ದನ್ನು ವಾಪಸ್ ಕೊಡಿ ಅಂತ.

ಸರಿಯಾಗಿ ಅದೇ ವರ್ಷಗಳಲ್ಲಿ ಅಮೆರಿಕದ ಅಯೋವಾ ಕಡೆ ಇನ್ನೊಂದು ನಡೆಯುತ್ತಿತ್ತು. ಸಾಲ ಕಟ್ಟದವನ ಹೊಲ ಹರಾಜಿಗೆ ಬಂದರೆ ಸುತ್ತಲಿನ ರೈತರೆಲ್ಲ ಬಂದು ಗುಂಪಾಗಿ ನಿಲ್ಲುತ್ತಿದ್ದರು. ಹಸುವಿಗೆ ಕೆಲವು ಸೆಂಟು, ನೇಗಿಲಿಗೆ ಒಂದು ಸೆಂಟು ಅಂತ ಕೂಗುತ್ತಿದ್ದರು. ಹೊರಗಿನವನು ಯಾರಾದರೂ ಜಾಸ್ತಿ ಕೂಗಲಿಕ್ಕೆ ಬಾಯಿ ತೆರೆದರೆ ಅವನ ಹೆಗಲ ಮೇಲೆ ಒಂದು ಭಾರಿ ಕೈ ಬೀಳುತ್ತಿತ್ತು. ಚಿಲ್ಲರೆ ಕಾಸಿಗೆ ಎಲ್ಲವನ್ನೂ ಕೊಂಡು ಸಂಜೆ ಆ ಮನೆಯವನಿಗೇ ಒಪ್ಪಿಸಿ ಹೋಗುತ್ತಿದ್ದರು.

ಅಯೋವಾದವರು ಸಿದ್ದಾಪುರದ ಹೆಸರು ಕೇಳಿರಲಿಲ್ಲ, ಸಿದ್ದಾಪುರದವರು ಅಯೋವಾದ್ದು ಕೇಳಿರಲಿಲ್ಲ. ಜೋಗಕ್ಕೆ ಹೋಗುವಾಗ ಮಾವಿನಗುಂಡಿಯಲ್ಲಿ ಆ ಹೆಂಗಸರ ನೆನಪಿಗೆ ಒಂದು ಸ್ಮಾರಕ ಇದೆ. ಬಸ್ಸು ಅಲ್ಲಿ ಚಹಾಕ್ಕೆ ನಿಂತರೆ ಇಳಿದು ನೋಡಿ. ಎರಡು ನಿಮಿಷದ ದಾರಿ.